ಜೀರ್ಣೋದ್ಧಾರವೆಂದರೇನು?
ಮೈಸೂರಿನ ಚಿಕ್ಕ ಗಡಿಯಾರದ ಸುತ್ತಣ ಪೇಟೆಯು ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳಿಗೆ ಹೆಸರಾದುದು. 1886ರ ಡಫರಿನ್ ಗಡಿಯಾರ ಗೋಪುರ, 1892ರ ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಇವು ಅದರ ಮುಖ್ಯಾಂಗಗಳು.

ಇಟ್ಟಿಗೆ, ಗಾರೆ, ಮರದ ತೊಲೆಗಳ ಕಟ್ಟಡಕ್ಕೆ ಮಳೆನೀರೇ ಶತ್ರು. ಸೋರಿಕೆಯನ್ನು ಕಾಲಕಾಲಕ್ಕೆ ತಡೆಯದಿದ್ದರೆ ಅದು ಒಳಗೊಳಗೇ ಶಿಥಿಲವಾಗುವುದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. 2016ರಲ್ಲಿ ಮಾರುಕಟ್ಟೆಯ ಉತ್ತರದ್ವಾರ ಬಿದ್ದಿತು. ಕೆಡವುವುದೇ, ಉಳಿಸುವುದೇ ಎಂಬ ವಾದವೆದ್ದಿತು.

ಜೀರ್ಣವಾದುದನ್ನು ಮೇಲೆತ್ತುವುದೇ ಜೀರ್ಣೋದ್ಧಾರ. ಕೆಡವಿ ಅದೇ ರೂಪದಲ್ಲಿ ಕಟ್ಟಿದುದು ಅನುಕರಣವಷ್ಟೆ. ಆದರೆ ಉಳಿಸೆನ್ನುವವರು ಅಲ್ಲಿ ಹೂವು, ವೀಳ್ಯದೆಲೆ ಮಾರುವವರ ಪ್ರಾಣರಕ್ಷಣೆಯ ಹೊಣೆಯನ್ನೂ ಹೊರತಕ್ಕದ್ದು. ಬಿದ್ದ ಮೇಲೆ ಎತ್ತುವುದಕ್ಕಿಂತ ವರ್ಷವರ್ಷವೂ ಸೋರಿಕೆ ತಡೆಯುವುದೇ ಉತ್ತಮ ಉದ್ಧಾರ.