ಮಗುವಿನ ಕಣ್ಣು: ಮೊದಲ 30 ದಿನಗಳ ಎಚ್ಚರ

ಮಗುವಿಗೆ ದೃಷ್ಟಿ ಇಲ್ಲವೆಂದು ತಿಳಿದಾಗ ಅದನ್ನು ಹಣೆಬರಹವೆಂದು ಭಾವಿಸಿ ಸುಮ್ಮನಾಗುವವರು ಇಂದಿಗೂ ಇದ್ದಾರೆ. ಆದರೆ ಮಕ್ಕಳ ಅಂಧತ್ವದಲ್ಲಿ ಗಣನೀಯ ಭಾಗವು ತಡೆಯಬಹುದಾದುದು ಅಥವಾ ಚಿಕಿತ್ಸೆಗೆ ಒಳಪಡತಕ್ಕದ್ದು. ಅದರ ಕಾರಣಗಳು ಕಾಲಕ್ರಮದಲ್ಲಿ ಬದಲಾಗಿವೆ. ಹದಡಿ ಮತ್ತು ಸುತ್ತಲಿನ ಗ್ರಾಮಗಳ ದಂಪತಿಗಳು ಈ ಬದಲಾವಣೆಯನ್ನು ಅರಿತಿರುವುದು ಅವಶ್ಯಕ.

ಹಿಂದಿನ ಕಾರಣಗಳು

ನಮ್ಮ ಅಜ್ಜಿಯರ ಕಾಲದಲ್ಲಿ ಕಣ್ಣು ಕೆಡುತ್ತಿದ್ದುದು ಹೆಚ್ಚಾಗಿ ಮಗು ತಾಯಿಯ ಹಾಲು ಬಿಟ್ಟ ನಂತರ. ಸೊಪ್ಪು, ಹಣ್ಣು, ಹಾಲು ಸಾಲದ ಮಗುವಿನಲ್ಲಿ 'ಎ' ಜೀವಸತ್ತ್ವದ ಕೊರತೆಯುಂಟಾಗಿ ಮೊದಲು ಇರುಳುಗಣ್ಣು ಕಾಣಿಸುತ್ತಿತ್ತು. ಅದರ ಮೇಲೆ ದಡಾರವೋ ಭೇದಿಯೋ ಬಂದರೆ ಕಪ್ಪುಗುಡ್ಡೆಯು ಒಣಗಿ, ಹುಣ್ಣಾಗಿ, ಕೆಲವೇ ದಿನಗಳಲ್ಲಿ ಕರಗಿಹೋಗುತ್ತಿತ್ತು. ಭಾರತ ಸರ್ಕಾರವು 1970ರಲ್ಲಿ 'ಎ' ಜೀವಸತ್ತ್ವ ನೀಡುವ ಕಾರ್ಯಕ್ರಮವನ್ನೂ, 1985ರಲ್ಲಿ ದಡಾರದ ಲಸಿಕೆಯನ್ನೊಳಗೊಂಡ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನೂ ಆರಂಭಿಸಿತು. ಇವುಗಳ ಫಲವಾಗಿ ಈ ಬಗೆಯ ಅಂಧತ್ವವು ಬಹಳ ಕಡಿಮೆಯಾಗಿದೆ, ಆದರೆ ಅಳಿದಿಲ್ಲ.

ಇಂದಿನ ಕಾರಣಗಳು

ಇಂದು ಅಪಾಯವು ತೊಟ್ಟಿಲಿಗೂ, ಗರ್ಭಕ್ಕೂ ಸರಿದಿದೆ. ಕರ್ನಾಟಕದ ಅಂಧ ಮಕ್ಕಳ ಶಾಲೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹುಟ್ಟಿನಿಂದಲೇ ಕಣ್ಣುಗುಡ್ಡೆ ಸರಿಯಾಗಿ ಬೆಳೆಯದಿರುವುದೇ ಮೊದಲ ಕಾರಣವಾಗಿ ಕಂಡುಬಂದಿತು. ಸೋದರಮಾವನೊಡನೆ ಅಥವಾ ಸೋದರತ್ತೆಯ ಮಗನೊಡನೆ ಮದುವೆಯಾಗುವ ರೂಢಿಯಿಂದ ವಂಶದಲ್ಲಿ ಅಡಗಿರುವ ಕಣ್ಣಿನ ದೋಷಗಳು ಮಗುವಿನಲ್ಲಿ ಪ್ರಕಟವಾಗುವ ಸಂಭವ ಹೆಚ್ಚು. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಸೋಂಕು ತಗುಲಿದರೆ ಮಗು ಪೊರೆಯೊಡನೆ ಹುಟ್ಟಬಹುದು.

ಇನ್ನೊಂದು ಕಾರಣವು ವೈದ್ಯಶಾಸ್ತ್ರದ ಪ್ರಗತಿಯೊಡನೆ ಬಂದುದು. ತಿಂಗಳು ತುಂಬದೆ ಹುಟ್ಟಿದ ಶಿಶುಗಳು ಹಿಂದೆ ಬಹುಮಟ್ಟಿಗೆ ಉಳಿಯುತ್ತಿರಲಿಲ್ಲ. ಈಗ ನವಜಾತ ಶಿಶು ಘಟಕಗಳಲ್ಲಿ ಉಳಿಯುತ್ತಿವೆ. ಇಂತಹ ಶಿಶುವಿನ ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿಯಾಗಿ ಬೆಳೆದು ಪರದೆಯನ್ನೇ ಕಿತ್ತು, ದೃಷ್ಟಿಯನ್ನು ಶಾಶ್ವತವಾಗಿ ನಾಶಮಾಡಬಲ್ಲವು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದು.

ಬಾಣಂತನ ಮತ್ತು ಪರೀಕ್ಷೆ

ಇಲ್ಲಿ ನಮ್ಮ ಒಂದು ಸಂಪ್ರದಾಯವು ಅಡ್ಡಬರುತ್ತದೆ. ಬಾಣಂತಿ ತವರಿನಲ್ಲಿರುತ್ತಾಳೆ, ಎಳೆಗೂಸನ್ನು ಕೆಲವು ತಿಂಗಳು ಹೊಸ್ತಿಲು ದಾಟಿಸುವುದಿಲ್ಲ. ಆರೈಕೆ ಒಳ್ಳೆಯದೇ. ಆದರೆ ಕಣ್ಣನ್ನು ಉಳಿಸಬಹುದಾದ ದಿನಗಳು ಇವೇ ಆಗಿವೆ. 34 ವಾರಗಳಿಗೆ ಮೊದಲು ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಪ್ರತಿ ಶಿಶುವಿನ ಅಕ್ಷಿಪಟಲವನ್ನೂ ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸತಕ್ಕದ್ದು. ಒಮ್ಮೆ ನೋಡಿದರೆ ಸಾಲದು. ವೈದ್ಯರು ಸಾಕೆನ್ನುವವರೆಗೂ ಹೋಗಬೇಕು. ಮಗುವನ್ನು ಬೆಚ್ಚಗೆ ಸುತ್ತಿ ಎದೆಗವಚಿಕೊಂಡು ಕರೆದೊಯ್ದರೆ ಬಾಧೆಯಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ಕ್ರಮ ರೂಢಿಗೆ ಬಂದಿತು.

ದಂಪತಿಗಳು ನೆನಪಿಡಬೇಕಾದುವು

1. ಗರ್ಭಿಣಿಯು ಮೊದಲ ತಿಂಗಳುಗಳಲ್ಲೇ ಹೆಸರು ನೋಂದಾಯಿಸಿ, ಕ್ರಮವಾಗಿ ತಪಾಸಣೆ ಮಾಡಿಸಿಕೊಳ್ಳಲಿ. ರುಬೆಲ್ಲಾ ಲಸಿಕೆಯ ವಿಚಾರವನ್ನು ಗರ್ಭಧಾರಣೆಗೆ ಮುಂಚೆಯೇ ಕೇಳಿರಿ. ಗರ್ಭಿಣಿಗೆ ಅದನ್ನು ಕೊಡುವಂತಿಲ್ಲ.

2. ಮಗುವಿಗೆ 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ಮತ್ತು 'ಎ' ಜೀವಸತ್ತ್ವದ ಮೊದಲ ವರಸೆ ಹಾಕಿಸಿರಿ. ಎರಡನೆಯ ಲಸಿಕೆಯನ್ನೂ, ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಜೀವಸತ್ತ್ವವನ್ನೂ ತಪ್ಪಿಸಬಾರದು.

3. ನುಗ್ಗೆಸೊಪ್ಪು, ಹರಿವೆ, ಪರಂಗಿಹಣ್ಣು ಹಿತ್ತಲಲ್ಲೇ ಬೆಳೆಯುತ್ತವೆ. ಮಗುವಿನ ಊಟದಲ್ಲಿ ಸೇರಿಸಿರಿ.

4. ಪಾಪೆ ಬೆಳ್ಳಗೆ ಕಂಡರೆ, ಅಥವಾ ಮೂರು ತಿಂಗಳಾದರೂ ಮಗು ತಾಯಿಯ ಮುಖವನ್ನು ದಿಟ್ಟಿಸದಿದ್ದರೆ, ಒಡನೆಯೇ ವೈದ್ಯರಿಗೆ ತೋರಿಸಿರಿ. ಬೆಳ್ಳಗಿರುವುದು ಪೊರೆಯಾಗಿರಬಹುದು, ಪ್ರಾಣಾಪಾಯದ ಗಂತಿಯೂ ಆಗಿರಬಹುದು.

5. ಕಣ್ಣಿಗೆ ಹರಳೆಣ್ಣೆ, ಸೊಪ್ಪಿನ ರಸ ಹಿಂಡಬೇಡಿರಿ.

ತಿಂಗಳು ತುಂಬದ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ ಬೇರೆಡೆಯಾಗಲಿ, "ಕಣ್ಣಿನ ಪರೀಕ್ಷೆ ಯಾವಾಗ, ಎಲ್ಲಿ?" ಎಂದು ತಂದೆಯೇ ಕೇಳಿ ಬರೆಸಿಕೊಳ್ಳಲಿ. ಆ ಚೀಟಿಯು ಬಾಣಂತಿಯೊಡನೆ ತವರಿಗೂ ಹೋಗಲಿ. ತಪ್ಪಿದ ದಿನವನ್ನು ಮತ್ತೆ ತರಲಾಗದು. ಹೋದ ದೃಷ್ಟಿಯನ್ನೂ ತರಲಾಗದು.