ಮನೆಗೆ ವೇಗದ ಅಂತರಜಾಲ ಸಂಪರ್ಕ: ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

ವರ್ತಕರ ಮನೆ ಇಂದು ಅಂಗಡಿಯ ಮುಂದುವರಿದ ಭಾಗವೇ ಆಗಿದೆ. ಗಾಂಧಿ ಬಜಾರಿನಲ್ಲಿ ಬಾಗಿಲು ಹಾಕಿದ ಮೇಲೆ ಲೆಕ್ಕಪತ್ರದ ಕೆಲಸ ಮನೆಯಲ್ಲಿ ಸಾಗುತ್ತದೆ. ಅಡಿಕೆ ಧಾರಣೆ ನೋಡುವುದು, ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ರಿಟರ್ನ್ ಸಲ್ಲಿಕೆ, ಮಕ್ಕಳ ಪಾಠ, ಬೆಂಗಳೂರಿನ ಸಂಸ್ಥೆಗೆ ಮನೆಯಿಂದಲೇ ದುಡಿಯುವ ಮಗ ಅಥವಾ ಸೊಸೆಯ ಉದ್ಯೋಗ, ಇವೆಲ್ಲವೂ ಒಂದೇ ತಂತಿಯನ್ನು ಅವಲಂಬಿಸಿವೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ನಮೂನೆಯ ಕೊನೆಯ ದಿನ ಮರುತಿಂಗಳ 20ನೇ ತಾರೀಖು. ಆ ಸಂಜೆ ಸಂಪರ್ಕ ಕಡಿದುಹೋದರೆ, ತೆರಿಗೆ ಬಾಕಿ ಇರುವವರು ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವನ್ನೂ ಬಾಕಿ ತೆರಿಗೆಯ ಮೇಲೆ ಬಡ್ಡಿಯನ್ನೂ ತೆರಬೇಕಾಗುತ್ತದೆ. ಆದುದರಿಂದ ಮನೆಯ ಸಂಪರ್ಕದ ಆಯ್ಕೆಯನ್ನು ಸರಕು ಖರೀದಿಯಷ್ಟೇ ಎಚ್ಚರಿಕೆಯಿಂದ ಮಾಡುವುದು ಯುಕ್ತ.

ನಡೆದುಬಂದ ದಾರಿ

2004ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ನೀತಿಯಂತೆ, ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಲಾಗುತ್ತಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡೇಟಾವನ್' ಹೆಸರಿನಲ್ಲಿ ದೂರವಾಣಿಯ ತಾಮ್ರದ ತಂತಿಯ ಮೂಲಕವೇ ಈ ಸೇವೆಯನ್ನು ಆರಂಭಿಸಿತು. ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2013ರಲ್ಲಿ 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು.

ತಾಮ್ರದ ತಂತಿಯ ಕಾಲದಲ್ಲಿ ಗ್ರಾಹಕರು ಕಲಿತ ಪಾಠವೊಂದುಂಟು. ಎಕ್ಸ್‌ಚೇಂಜಿನ ಹತ್ತಿರದ ಮನೆಗೆ ದೊರೆತ ವೇಗ ನಾಲ್ಕೈದು ಕಿಲೋಮೀಟರ್ ದೂರದ ಬಡಾವಣೆಗೆ ದೊರೆಯುತ್ತಿರಲಿಲ್ಲ. ಯೋಜನೆ ಒಂದೇ, ಬಿಲ್ಲೂ ಒಂದೇ, ಸೇವೆ ಮಾತ್ರ ಬೇರೆ. ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದ ಮೇಲೆ ದೂರದ ತೊಂದರೆ ಬಹುಮಟ್ಟಿಗೆ ನೀಗಿದೆ. ಆದರೆ ಮನೆಯ ಬಾಗಿಲಿಗೆ ಬರುವ ಕೊನೆಯ ನೂರು ಮೀಟರ್ ತಂತಿಯೇ ಸೇವೆಯ ಗುಣಮಟ್ಟವನ್ನು ನಿರ್ಧರಿಸುತ್ತದೆ ಎಂಬ ಮಾತು ಇಂದಿಗೂ ಸುಳ್ಳಾಗಿಲ್ಲ.

ಸಂಪರ್ಕದ ಬಗೆಗಳು

ಮನೆಗಳಿಗೆ ಇಂದು ಮುಖ್ಯವಾಗಿ ಮೂರು ಬಗೆಯ ಸಂಪರ್ಕಗಳು ದೊರೆಯುತ್ತವೆ.

1. ಫೈಬರ್: ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಮಾಹಿತಿ ಹರಿಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ವೇಗ ಇಳಿಯಲು ಈ ಹಂಚಿಕೆಯೂ ಒಂದು ಕಾರಣವಾಗಬಹುದು.

2. ನಿಸ್ತಂತು ಸಂಪರ್ಕ: 5ಜಿ ಗೋಪುರದಿಂದ ಮನೆಯ ಮೇಲಿನ ಗ್ರಾಹಕ ಸಾಧನಕ್ಕೆ ಬರುವ ಸೇವೆ. ಜಿಯೋ ಮತ್ತು ಏರ್‌ಟೆಲ್ ಸಂಸ್ಥೆಗಳು ಇದನ್ನು 2023ರಲ್ಲಿ ದೇಶದಲ್ಲಿ ಆರಂಭಿಸಿದವು. ಕಂಬದ ಮೇಲೆ ತಂತಿ ಎಳೆಯುವ ಅಗತ್ಯವಿಲ್ಲ. ಆದರೆ ಗೋಪುರದ ದೂರ, ನಡುವಣ ಮರಗಳು ಹಾಗೂ ಕಟ್ಟಡಗಳನ್ನು ಅವಲಂಬಿಸಿ ವೇಗ ವ್ಯತ್ಯಾಸವಾಗುತ್ತದೆ.

3. ತಾಮ್ರದ ತಂತಿ: ಹಳೆಯ ದೂರವಾಣಿ ತಂತಿಯ ಸಂಪರ್ಕ. ಬೇರೆ ದಾರಿಯಿಲ್ಲದ ಕಡೆಗಳಲ್ಲಿ ಮಾತ್ರ ಪರಿಗಣಿಸತಕ್ಕದ್ದು.

ಫೈಬರ್ ಮನೆಬಾಗಿಲಿಗೆ ಲಭ್ಯವಿದ್ದರೆ ಅದನ್ನೇ ಆರಿಸುವುದು ಉತ್ತಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ದೂರವಾಣಿ ತಂತಿಯ ಮೂಲಕ ಸಿಡಿಲು ತಗುಲಿ ಮೋಡೆಮ್ ಸುಟ್ಟುಹೋಗುತ್ತಿದ್ದ ಅನುಭವವುಳ್ಳ ಮಲೆನಾಡಿನ ಗ್ರಾಹಕರಿಗೆ ಇದು ಸಣ್ಣ ಅನುಕೂಲವಲ್ಲ.

ಎಷ್ಟು ವೇಗ ಬೇಕು?

ಜಾಹೀರಾತಿನಲ್ಲಿ ಕಾಣುವ ಅಂಕಿ ಮೆಗಾಬಿಟ್ ಲೆಕ್ಕದ್ದು. ಕಂಪ್ಯೂಟರ್ ತೋರಿಸುವ ಕಡತದ ಗಾತ್ರ ಮೆಗಾಬೈಟ್ ಲೆಕ್ಕದ್ದು. 8 ಬಿಟ್ ಸೇರಿದರೆ 1 ಬೈಟ್. ಆದುದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. ಇದು ಮೋಸವಲ್ಲ, ಅಳತೆಯ ವ್ಯತ್ಯಾಸ.

ಸ್ಪಷ್ಟ ಗುಣಮಟ್ಟದ ಚಲನಚಿತ್ರ ವೀಕ್ಷಣೆಗೆ ಸುಮಾರು 5 ಮೆಗಾಬಿಟ್, ವಿಡಿಯೋ ಸಭೆಗೆ ಸುಮಾರು 4 ಮೆಗಾಬಿಟ್ ಸಾಕು. ಐದು ಜನರ ಕುಟುಂಬದಲ್ಲಿ ಇಬ್ಬರು ಚಿತ್ರ ನೋಡುತ್ತ, ಒಬ್ಬರು ಕಚೇರಿಯ ಸಭೆಯಲ್ಲಿದ್ದು, ಉಳಿದವರು ಮೊಬೈಲ್ ಬಳಸುತ್ತಿದ್ದರೂ 20ರಿಂದ 25 ಮೆಗಾಬಿಟ್ ಮೀರುವುದು ವಿರಳ. ಸ್ಥಿರವಾಗಿ ದೊರೆಯುವ 50 ಮೆಗಾಬಿಟ್ ಇಂತಹ ಮನೆಗೆ ಧಾರಾಳ. ಇಳಿಕೆಯ ವೇಗದ ಜೊತೆಗೆ ಏರಿಕೆಯ ವೇಗವನ್ನೂ ಕೇಳಿ ತಿಳಿಯಬೇಕು. ವಿಡಿಯೋ ಸಭೆಯಲ್ಲಿ ಮುಖ ಕಾಣುವುದು, ಬಿಲ್ಲುಗಳ ಪ್ರತಿಗಳನ್ನು ಲೆಕ್ಕಪರಿಶೋಧಕರಿಗೆ ಕಳುಹಿಸುವುದು ಏರಿಕೆಯ ವೇಗದಿಂದಲೇ.

ಬೀದಿಯ ಪರಿಶೀಲನೆ

ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೊದಲಾದ ದೊಡ್ಡ ಸಂಸ್ಥೆಗಳೂ ಸ್ಥಳೀಯ ಕೇಬಲ್ ಉದ್ಯಮಿಗಳೂ ಈ ಕ್ಷೇತ್ರದಲ್ಲಿದ್ದಾರೆ. ಆದರೆ ಊರಿನಲ್ಲಿ ಸೇವೆ ಇದೆ ಎಂದ ಮಾತ್ರಕ್ಕೆ ಬೀದಿಯಲ್ಲಿ ಇದೆ ಎಂದು ಅರ್ಥವಲ್ಲ. ದುರ್ಗಿಗುಡಿಯಂತಹ ದಟ್ಟ ವ್ಯಾಪಾರ ಪ್ರದೇಶಕ್ಕೂ ಗಾಡಿಕೊಪ್ಪದ ಹೊಸ ಬಡಾವಣೆಗೂ, ಭದ್ರಾವತಿಯ ಹಳೇನಗರಕ್ಕೂ ಪೇಪರ್‌ಟೌನಿನ ವಸತಿಗಳಿಗೂ ಪರಿಸ್ಥಿತಿ ಒಂದೇ ಆಗಿರಲಾರದು. ಮನೆಗಳು ವಿರಳವಾದ ಕಡೆ ಹೊಸ ತಂತಿ ಎಳೆಯಲು ಯಾವುದೇ ಸಂಸ್ಥೆ ಹಿಂಜರಿಯುವುದು ವ್ಯಾಪಾರದ ಸಹಜ ನಿಯಮ.

ಬಿಲ್ಲಿನ ಮೇಲಿನ ಹೆಸರೂ ದುರಸ್ತಿಗೆ ಬರುವವರೂ ಬೇರೆ ಬೇರೆ ಆಗಿರಬಹುದೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಬಿಎಸ್‌ಎನ್‌ಎಲ್ ಫೈಬರ್ ಸೇವೆಯನ್ನು ಅನೇಕ ಕಡೆ ಸ್ಥಳೀಯ ಪಾಲುದಾರರು ಆದಾಯ ಹಂಚಿಕೆಯ ಆಧಾರದ ಮೇಲೆ ಮನೆಗಳಿಗೆ ತಲುಪಿಸುತ್ತಾರೆ. ಪಾಲುದಾರರು ಚುರುಕಾಗಿದ್ದರೆ ಸೇವೆ ಚುರುಕು. ಆದುದರಿಂದ ಹಣ ಕಟ್ಟುವ ಮುನ್ನ ಅದೇ ಬೀದಿಯ ಮೂವರು ಬಳಕೆದಾರರನ್ನು ಈ ಪ್ರಶ್ನೆಗಳನ್ನು ಕೇಳುವುದು ಒಳಿತು:

• ಕಳೆದ ಮಳೆಗಾಲದಲ್ಲಿ ಸಂಪರ್ಕ ಎಷ್ಟು ಸಲ ಕಡಿಯಿತು?
• ದೂರು ಕೊಟ್ಟ ಮೇಲೆ ಸರಿಯಾಗಲು ಎಷ್ಟು ದಿನ ಹಿಡಿಯಿತು?
• ರಾತ್ರಿ 8ರಿಂದ 10ರ ನಡುವೆ ವೇಗ ಹೇಗಿರುತ್ತದೆ?
• ದುರಸ್ತಿಗೆ ಬರುವವರು ಯಾರು, ಅವರು ಫೋನಿಗೆ ಸಿಗುತ್ತಾರೆಯೇ?

ಕಂಬದಿಂದ ಕಂಬಕ್ಕೆ ತೂಗುವ ತಂತಿ ಮರದ ಕೊಂಬೆಗಳ ನಡುವೆ ಹಾದು ಬಂದಿದ್ದರೆ ಜೂನ್, ಜುಲೈ ತಿಂಗಳ ಗಾಳಿಮಳೆಗೆ ಅದು ಹರಿಯುವ ಸಂಭವ ಹೆಚ್ಚು. ತಂತಿ ಬರುವ ದಾರಿಯನ್ನು ಒಮ್ಮೆ ನಡೆದು ನೋಡುವುದರಿಂದ ನಷ್ಟವೇನಿಲ್ಲ.

ಖರ್ಚಿನ ಲೆಕ್ಕ

ಜಾಹೀರಾತಿನ ದರಕ್ಕೆ ಶೇ. 18ರಷ್ಟು ಜಿಎಸ್‌ಟಿ ಸೇರುತ್ತದೆ. ಉದಾಹರಣೆಗೆ ತಿಂಗಳಿಗೆ 600 ರೂಪಾಯಿ ಎಂದ ಯೋಜನೆಗೆ 708 ರೂಪಾಯಿ, 700 ಎಂದ ಯೋಜನೆಗೆ 826 ರೂಪಾಯಿ ತೆರಬೇಕು. ಮೊದಲನೆಯದು ತಿಂಗಳಲ್ಲಿ ನಾಲ್ಕು ದಿನ ಕೆಟ್ಟರೆ, ಬಳಸಿದ 26 ದಿನಗಳಿಗೆ ದಿನಕ್ಕೆ 27 ರೂಪಾಯಿ 23 ಪೈಸೆ ಬಿದ್ದಂತಾಯಿತು. ಎರಡನೆಯದು ಒಂದು ದಿನವೂ ಕೆಡದಿದ್ದರೆ ದಿನಕ್ಕೆ 27 ರೂಪಾಯಿ 53 ಪೈಸೆ. ನೂರು ರೂಪಾಯಿ ಅಗ್ಗವೆಂದು ಕೊಂಡದ್ದು ಅಗ್ಗವಾಗಿ ಉಳಿಯಲಿಲ್ಲ. ಕೆಟ್ಟ ನಾಲ್ಕು ದಿನಗಳಲ್ಲಿ ನಿಂತ ಕೆಲಸದ ಬೆಲೆ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಆರು ತಿಂಗಳು ಅಥವಾ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದರೆ ರಿಯಾಯಿತಿ ಎಂಬ ಆಹ್ವಾನ ಸಾಮಾನ್ಯ. ಮೊದಲು ಒಂದೆರಡು ತಿಂಗಳು ಬಳಸಿ, ಸಾಧ್ಯವಾದರೆ ಒಂದು ಮಳೆಗಾಲ ಕಳೆದು, ನಂತರ ಮುಂಗಡ ಕಟ್ಟುವುದು ವಿವೇಕ. ಅಳವಡಿಕೆ ಶುಲ್ಕ, ಸಾಧನದ ಠೇವಣಿ, ಅದನ್ನು ಮರಳಿ ಪಡೆಯುವ ಕ್ರಮ, ಇವುಗಳನ್ನು ಲಿಖಿತವಾಗಿ ಪಡೆಯಬೇಕು. 'ಅನಿಯಮಿತ' ಎಂದ ಯೋಜನೆಗಳಲ್ಲಿಯೂ ಬಳಕೆಯ ಮಿತಿಯೊಂದಿದ್ದು, ಅದನ್ನು ದಾಟಿದ ಮೇಲೆ ವೇಗ ಇಳಿಸುವ ಷರತ್ತು ಇರಬಹುದು. ಮಿತಿ ಎಷ್ಟು, ಅನಂತರದ ವೇಗ ಎಷ್ಟು ಎಂಬೆರಡನ್ನೂ ಕೇಳಬೇಕು.

ಮನೆಯೊಳಗಿನ ವ್ಯವಸ್ಥೆ

ಸಂಪರ್ಕ ಸರಿಯಿದ್ದರೂ ರೂಟರ್ ಇಟ್ಟ ಜಾಗ ಸರಿಯಿಲ್ಲದೆ ದೂರುವವರು ಉಂಟು. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಮುಂಬಾಗಿಲ ಬಳಿಯ ರೂಟರಿನ ಸಂಕೇತ ಹಿಂದಿನ ಕೋಣೆಗೆ ತಲುಪುವುದು ಕಷ್ಟ. 5 ಗಿಗಾಹರ್ಟ್ಸ್ ತರಂಗ ವೇಗವುಳ್ಳದ್ದಾದರೂ ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಹೋಗುತ್ತದೆ. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ ಇರಿಸಬೇಕು. ಕಚೇರಿ ಕೆಲಸದ ಕಂಪ್ಯೂಟರಿಗೆ ನೇರ ತಂತಿ ಎಳೆಸುವುದು ಮೇಲು.

ಮೆಸ್ಕಾಂ ವಿದ್ಯುತ್ ನಿಂತಾಗ ರೂಟರೂ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದ ಮನೆಗಳಿಗೆ ರೂಟರಿಗಾಗಿಯೇ ದೊರೆಯುವ ಸಣ್ಣ ಯುಪಿಎಸ್ ಸಾಕು. ಕೊಳ್ಳುವ ಮುನ್ನ ವೋಲ್ಟೇಜ್ ಹೊಂದುವುದೇ ಎಂದು ನೋಡಬೇಕು. ಇದರೊಂದಿಗೆ ಬೇರೊಂದು ಸಂಸ್ಥೆಯ ಮೊಬೈಲ್ ಸಿಮ್ ಮನೆಯಲ್ಲಿದ್ದರೆ 20ನೇ ತಾರೀಖಿನ ಸಂಜೆಗೆ ಅದೇ ಆಪದ್ಧನ.

ದೂರು ನೀಡುವ ಕ್ರಮ

ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಸಂಸ್ಥೆಯ ದೂರು ಕೇಂದ್ರದಲ್ಲಿ ನೋಂದಾಯಿಸಿ ದೂರು ಸಂಖ್ಯೆ ಪಡೆಯಬೇಕು. ಪರಿಹಾರ ದೊರೆಯದಿದ್ದರೆ ಟ್ರಾಯ್ 2012ರ ನಿಯಮಾವಳಿಯಂತೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ನೆರವೂ ಉಂಟು. ದೂರವಾಣಿ ಗ್ರಾಹಕರು ಗ್ರಾಹಕ ಆಯೋಗದ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿದಿದೆ. ಇದಕ್ಕೆಲ್ಲ ಆಧಾರ ರಸೀದಿ, ದೂರು ಸಂಖ್ಯೆ ಹಾಗೂ ದಿನಾಂಕ.

ಸರಕಿನ ಚೀಲದ ಮೇಲಿನ ಮುದ್ರೆಯನ್ನಷ್ಟೇ ನೋಡಿ ಯಾವ ವರ್ತಕನೂ ಅಡಿಕೆ ಕೊಳ್ಳುವುದಿಲ್ಲ. ಚೀಲ ಬಿಚ್ಚಿಸಿ, ಕೈಯಲ್ಲಿ ಹಿಡಿದು ನೋಡುತ್ತಾನೆ. ಅಂತರಜಾಲ ಸಂಪರ್ಕಕ್ಕೂ ಅದೇ ರೂಢಿ ಸಲ್ಲುತ್ತದೆ. ಜಾಹೀರಾತಿನ ಮೆಗಾಬಿಟ್ಟಿಗಿಂತ ಮೊದಲು ತನ್ನ ಬೀದಿಯ ತಂತಿಯನ್ನೂ ಅದನ್ನು ಸರಿಪಡಿಸುವ ಕೈಯನ್ನೂ ವಿಚಾರಿಸಿಕೊಂಡ ಗ್ರಾಹಕನಿಗೆ ನಂತರ ಪಶ್ಚಾತ್ತಾಪ ಪಡುವ ಸಂದರ್ಭ ಕಡಿಮೆ.