ಪಹಣಿಯಲ್ಲಿ ಯಾರ ಹೆಸರಿದೆ?

ಡೊಂಬಿವಲಿ, ಕಲ್ಯಾಣಗಳಲ್ಲಿ ದುಡಿಯುವ ನಮ್ಮಲ್ಲನೇಕರಿಗೆ ಊರಿನಲ್ಲಿ ತುಂಡು ಹೊಲವುಂಟು. 2020ರಲ್ಲಿ ಕೊರೋನಾ ನಿರ್ಬಂಧದಿಂದ ಮಾರಾಟ ನಿಂತು ಹೂವು ಹೊಲದಲ್ಲಿಯೇ ಬಾಡಿತು. ಆ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿನ ಮಿತಿಯಲ್ಲಿ, ಪರಿಹಾರ ಸಾರಿತು. ಮೆಕ್ಕೆಜೋಳದ ರೈತನಿಗೆ 5,000 ರೂಪಾಯಿ.

ಇಂಥ ಹಣವು ದಾಖಲೆಯಲ್ಲಿರುವ ಹೆಸರನ್ನು ನೋಡಿ ಬ್ಯಾಂಕಿಗೆ ಜಮೆಯಾಗುತ್ತದೆ. ಪಹಣಿಯಲ್ಲಿ ತೀರಿಕೊಂಡ ತಂದೆಯ ಹೆಸರೇ ಉಳಿದಿದ್ದರೆ, ಊರಲ್ಲಿ ಉಳುವ ತಮ್ಮನಿಗೆ ಅದು ದಕ್ಕುವುದು ಕಷ್ಟ.

ಆದುದರಿಂದ ವಾಚಕ ಮಿತ್ರರು ಊರಿಗೆ ಹೋದಾಗ ಮೂರು ಕೆಲಸ ಮಾಡತಕ್ಕದ್ದು: ಪೌತಿ ಖಾತೆಗೆ ಅರ್ಜಿ ಕೊಡುವುದು, ಬೆಳೆ ಸಮೀಕ್ಷೆಯಲ್ಲಿ ಬೆಳೆದ ಬೆಳೆಯೇ ದಾಖಲಾಗಿದೆಯೇ ಎಂದು ನೋಡುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು. ಅರ್ಜಿಗೆ ಮೊದಲು ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಕುಳಿತು ಮಾತಾಡುವುದು ಲೇಸು.